ಎಡದಿಂದ ಹದಿನೈದನೆಯವಳು

ಚಿತ್ರವನ್ನು ಇಡೀ ಗೋಡೆಯಷ್ಟು ದೊಡ್ಡದು ಮಾಡಿಸುತ್ತಾರೆಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ಚಿತ್ರ ಅಂಗೈಯಗಲದ ಚೌಕಟ್ಟಿನಲ್ಲಿ ಮೂಲೆಯ ಕಂಬಕ್ಕೆ ತೂಗುತ್ತಿದ್ದಾಗ, ಬಲತುದಿಯ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತವಳು ಕಿರುಬೆರಳ ಉಗುರಿಗಿಂತ ದೊಡ್ಡವಳಾಗಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೋಡಿದರೆ ಅದೊಂದು ಮುಖ ಅನ್ನುವುದು ತಿಳಿಯುತ್ತಿತ್ತು, ಯಾರ ಮುಖ ಅನ್ನುವುದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಈಗ ಅವಳು ಅವನ ಭುಜದೆತ್ತರಕ್ಕೆ ಬೆಳೆದು ನಿಂತಿದ್ದಳು. ಮನೆಯಲ್ಲೂ ಅಮ್ಮ ಅವನ ಭುಜದೆತ್ತರವೇ. ಭಾನುವಾರ ಬೆಳಿಗ್ಗೆ ವಸ್ತುಸಂಗ್ರಹಾಲಯದ ಬೀಗ ತೆಗೆದು ದೀಪದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಾಗ ಮೊದಲು ಬೆಳಗಿದ್ದು ಆ ಗೋಡೆ. ಬೀದಿಯಲ್ಲಿ ಹಳೆಯ ಮೇಷ್ಟರನ್ನು ಕಂಡ ದಡ್ಡನ ಹಾಗೆ ಅವನು ತಲೆ ತಗ್ಗಿಸಿಕೊಂಡು, ಎದುರುಗೋಡೆಗೆ ಹೆಚ್ಚುಕಡಿಮೆ ಭುಜ ಉಜ್ಜಿಕೊಂಡೇ ಅದನ್ನು ದಾಟಿದ. ಪ್ರದರ್ಶನ ಶುರುವಾಗಿ ಎರಡು ವಾರವಾಗಿತ್ತು. ಎರಡು ವಾರದಿಂದ ಹೀಗೇ ದಾಟುತ್ತಿದ್ದ.

ಪ್ರದರ್ಶನ ಊರಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನದು. ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದ ಮರದ ಹಲಗೆಯೊಂದನ್ನು ಎಲ್ಲಿಂದಲೋ ತರಿಸಿ ನಡುವೆ ನಿಲ್ಲಿಸಿದ್ದರು. ಮಕ್ಕಳು ಅದರ ತೂತುಗಳಿಗೆ ವೈರು ಚುಚ್ಚಿ ಚುಚ್ಚಿ ಕೀಳಬಹುದಿತ್ತು. ಗೋಡೆಯ ಚಿತ್ರದಲ್ಲಿ ಅಂಥದೇ ಹಲಗೆಗಳ ಮುಂದೆ ಹದಿನಾಲ್ಕು ಜನ ಆಪರೇಟರುಗಳು ನೆಟ್ಟಗೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದರು. ಹೋದ ವರ್ಷ ಬಂದ ನಿರ್ದೇಶಕಿ, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಪ್ರತಿ ಸಭೆಯಲ್ಲೂ ವಸ್ತುಗಳನ್ನಿಟ್ಟರೆ ಸಾಲದು, ಜನ ಬಂದು ಮಾತಾಡಬೇಕು ಅನ್ನುತ್ತಿದ್ದಳು. ಅದಕ್ಕಾಗಿಯೇ ಈ ಭಾನುವಾರದ ಕಾರ್ಯಕ್ರಮ: 'ಇವರನ್ನು ಬಲ್ಲಿರಾ?' ಹತ್ತರಿಂದ ನಾಲ್ಕರವರೆಗೆ ಒಂದು ಮೇಜು, ಎರಡು ಕುರ್ಚಿ, ಒಂದು ಕಟ್ಟು ನಮೂನೆ. ಚಿತ್ರಗಳಲ್ಲಿರುವವರನ್ನು ಗುರುತು ಹಿಡಿದವರು ಬಂದು ಹೇಳಬೇಕು, ದಾಖಲೆ ವಿಭಾಗದ ಹಿರಿಯ ಸಹಾಯಕನಾದ ಅವನು ಬರೆದುಕೊಳ್ಳಬೇಕು. ಅವನ ಅಕ್ಷರ ಮುತ್ತಿನ ಹಾಗಿದೆ ಎಂದು ನಿರ್ದೇಶಕಿ ಎಲ್ಲರ ಮುಂದೆ ಹೊಗಳಿದ್ದಳು. ಹೊಗಳಿಕೆ ಕೇಳಿ ಅವನು ಪೆನ್ನನ್ನು ಜೇಬಿಗಿಳಿಸಿದ್ದ, ಏಕೆಂದರೆ ಗೋಡೆಯ ಕೆಳಗಿನ ವಿವರವೂ ಅದೇ ಮುತ್ತಿನಂಥ ಅಕ್ಷರದ ಹಳೆಯ ಕಾರ್ಡಿನಿಂದ ಹಾಗೇ ಎತ್ತಿದ್ದು. ಎಡದಿಂದ ಒಂದರಿಂದ ಹದಿನಾಲ್ಕರವರೆಗೆ ಹೆಸರು, ಹುದ್ದೆ. ಹದಿನೈದನೆಯವರು: ಗುರುತು ತಿಳಿದಿಲ್ಲದ ಮಹಿಳೆ, ಬಾಗಿಲಾಚೆ ಏನನ್ನೋ ನೋಡುತ್ತಿರುವರು.

ಬರೆದ ದಿನ ಅವನಿಗೆ ಇಪ್ಪತ್ತೆಂಟು, ಕೆಲಸಕ್ಕೆ ಸೇರಿ ಎರಡು ತಿಂಗಳು. ಆಗಿನ ನಿರ್ದೇಶಕರು ನಿವೃತ್ತ ಮುಖ್ಯ ಆಪರೇಟರನ್ನು ಕರೆಸಿದ್ದರು. ಆಕೆ ಕನ್ನಡಕ ಒರೆಸಿಕೊಂಡು, ಪೆನ್ಸಿಲಿನ ತುದಿಯಿಂದ ಒಬ್ಬೊಬ್ಬರನ್ನೇ ಮುಟ್ಟುತ್ತಾ ಹದಿನಾಲ್ಕು ಹೆಸರುಗಳನ್ನೂ ಇನಿಷಿಯಲ್ ಸಮೇತ ತಡವರಿಸದೆ ಹೇಳಿದಳು. ಪೆನ್ಸಿಲು ಬಾಗಿಲ ಹತ್ತಿರ ಬಂದು ನಿಂತಿತು. ಇವಳು ಯಾರೋ ನೆಲ ಒರೆಸೋಳು, ನಡುವೆ ಬಂದು ಸಿಕ್ಕಿಹಾಕಿಕೊಂಡಿದ್ದಾಳೆ, ಆ ತುದಿ ಕತ್ತರಿಸಿಬಿಡಿ ಅಂದಳು. ನಿರ್ದೇಶಕರು ಚಹಾದ ಲೋಟ ಹಿಡಿದೇ ಅವನ ಕಡೆ ತಿರುಗಿ, ನಿಮಗೇನಾದ್ರೂ ಗೊತ್ತೇನ್ರಿ ಎಂದು ಸುಮ್ಮನೆ ಕೇಳಿದರು. ಉತ್ತರ ಬೇಕೆಂದೂ ಅವರು ಕೇಳಿರಲಿಲ್ಲ. ಅವನು, ಇಲ್ಲ ಸಾರ್, ಅಂದ. ಎಷ್ಟು ಸಲೀಸಾಗಿ ಅಂದನೆಂದರೆ ತನ್ನ ದನಿ ತನಗೇ ಪಕ್ಕದ ಕೋಣೆಯಿಂದ ಕೇಳಿಬಂದಂತಾಯಿತು. ಎರಡು ಸಾಕ್ಷಿಗಳಿಲ್ಲದೆ ಯಾರ ಹೆಸರನ್ನೂ ಬರೆಯಕೂಡದೆಂಬ ಇಲಾಖೆಯ ನಿಯಮ ಆಮೇಲೆ ನೆನಪಾಗಿ, ಮಳೆಗೆ ಸಿಕ್ಕಿದವನು ಕಂಡವರ ಸೂರಿನಡಿ ನುಗ್ಗುವ ಹಾಗೆ ಅದರಡಿ ನುಗ್ಗಿ ನಿಂತ. ಕತ್ತರಿಸಲು ಮಾತ್ರ ಬಿಡಲಿಲ್ಲ. ಮೂಲಚಿತ್ರಕ್ಕೆ ಕತ್ತರಿ ಹಾಕಬಾರದೆಂದು ವಾದಿಸಿ ಗೆದ್ದ. ಇಷ್ಟು ವರ್ಷ ಆ ಒಂದು ಗೆಲುವನ್ನೇ ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದ. ಕತ್ತರಿಸಲು ಬಿಡಲಿಲ್ಲವಲ್ಲ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಕೇಳಿದಾಗ, ಅಮ್ಮ ಟೆಲಿಫೋನ್ ಆಫೀಸಿನಲ್ಲಿದ್ದರು ಅಂದಿದ್ದ. ಸುಳ್ಳೇನಲ್ಲ. ಸೊಸೆಯಾಗಿ ಬಂದವಳು ಅತ್ತೆ ಒರೆಸುಬಟ್ಟೆ ಹಿಂಡುವ ರೀತಿ ನೋಡಿಯೇ ವರ್ಷದೊಳಗೆ ಎಲ್ಲ ತಿಳಿದುಕೊಂಡಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಬಂದ ಹೆಂಗಸು ಮೇಜಿನ ಕಡೆ ಬರಲೇ ಇಲ್ಲ. ಅರವತ್ತರ ಹತ್ತಿರವಿರಬೇಕು. ಬಟ್ಟೆಯ ಚೀಲ, ಮಡಿಸಿದ ಛತ್ರಿ, ಬಸ್ಸಿನ ಕಿಟಕಿಯ ಗಾಳಿಗೆ ಕೆದರಿದ ನರೆಗೂದಲು. ಬಂದವಳೇ ಗೋಡೆಯ ಬಲತುದಿಗೆ ಹೋಗಿ ನಿಂತಳು. ಕಾಲು ನೋಯುತ್ತಿತ್ತೇನೋ, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು, ಆದರೆ ಅಲ್ಲಿಂದ ಕದಲಲಿಲ್ಲ. ಮಕ್ಕಳು ವೈರು ಚುಚ್ಚುತ್ತಾ, ಹಲೋ ಹಲೋ ಎಂದು ಒಬ್ಬರ ಕಿವಿಯಲ್ಲೊಬ್ಬರು ಕಿರುಚುತ್ತಿದ್ದರು. ಅವನು ಕಾಗದ ಜೋಡಿಸಿದ, ಪೆನ್ಸಿಲು ಚೂಪು ಮಾಡಿದ, ಮತ್ತೆ ನೋಡಿದರೆ ಅವಳು ಅಲ್ಲೇ ಇದ್ದಳು. ಎದ್ದು ಹೋಗುವುದು ಅವನ ಕೆಲಸವೇ ಆಗಿತ್ತು. ಹೋಗಿ, ಯಾರನ್ನಾದರೂ ಗುರುತು ಹಿಡಿದಿರಾ ಎಂದು ಕೇಳಿದ. ಅವಳು ತಿರುಗಿ ನೋಡದೆ ಹೇಳಿದಳು.

"ಇವಳು ನನ್ನಕ್ಕ ಸರ್."

ಅವಳ ಬೆರಳು ನೆಟ್ಟಿದ್ದು ಅಮ್ಮನ ಮೇಲೆ. ಇಷ್ಟು ವರ್ಷದಲ್ಲಿ ಬೇರೆ ಬೇರೆ ಥರ ಹೆದರಿದ್ದ. ಯಾರೋ ಬಂದು, ಓ ಇವಳು ನಿಮ್ಮ ತಾಯಿಯಲ್ಲವೇ ಎಂದುಬಿಟ್ಟರೆ? ಮುಖ್ಯ ಆಪರೇಟರೇ ಮತ್ತೊಮ್ಮೆ ಬಂದು ಹೆಸರು ನೆನಪಾಯಿತು ಅಂದರೆ? ಅಮ್ಮನನ್ನು ಇನ್ನಾರೋ ತಮ್ಮವಳೆಂದು ಬಂದು ಕೇಳಬಹುದೆಂಬುದು ಮಾತ್ರ ಅವನ ಭಯಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಮೇಜಿಗೆ ಕರೆದು ಕೂರಿಸಿದ, ನೀರು ಕೊಟ್ಟ. ನಮೂನೆಯಲ್ಲಿ 'ಗುರುತು ಹಿಡಿದಿದ್ದು ಹೇಗೆ' ಎಂಬ ಕಾಲಂ ಇತ್ತು. ಅದನ್ನು ಕೇಳುವಾಗ ಅವನ ದನಿ ಪೊಲೀಸನದಾಗಿ ಒರಟೊರಟಾಗಿ ಬಂತು, ಕೇಳಿ ಅವನೇ ನಾಚಿದ. ಅವಳೇನೂ ಅಂದುಕೊಳ್ಳಲಿಲ್ಲ. ಚೀಲದಿಂದ ಪತ್ರಿಕೆಯ ತುಂಡು ತೆಗೆದು ಬಿಡಿಸಿದಳು. ಪ್ರದರ್ಶನದ ಸುದ್ದಿಯ ಜೊತೆ ಅದೇ ಚಿತ್ರ ಬಂದಿತ್ತು. ಸ್ವೆಟರ್ ನೋಡಿ ಸರ್, ಅಂದಳು. ಬಕೆಟ್ ಹಿಡಿದವಳ ಸ್ವೆಟರಿನ ಒಂದು ತೋಳು ಇನ್ನೊಂದಕ್ಕಿಂತ ಕಪ್ಪಾಗಿತ್ತು. ಹೆಣೆಯುತ್ತಿದ್ದಾಗ ಉಣ್ಣೆ ಮುಗಿದುಹೋಗಿ, ಅವರಮ್ಮ ಎಡತೋಳನ್ನು ಬೇರೆ ಬಣ್ಣದಲ್ಲಿ ಮುಗಿಸಿದ್ದಳಂತೆ. ಜಗಳವಾಗಿ, ಅಪ್ಪ ತೋರಿಸಿದವನನ್ನು ಮದುವೆಯಾಗಲಾರೆನೆಂದು ಅಕ್ಕ ಮನೆ ಬಿಟ್ಟು ಹೊರಟಾಗ ಮೈಮೇಲಿದ್ದದ್ದು ಅದೊಂದೇ ಬೆಚ್ಚನೆಯ ಬಟ್ಟೆ. ತಂಗಿಗಾಗ ಹನ್ನೊಂದು ವರ್ಷ. ಆ ವರ್ಷ ಒಂದು ಕಾಗದ ಬಂತು, ವಿಳಾಸವಿಲ್ಲದ್ದು. ಚೆನ್ನಾಗಿದ್ದೇನೆ, ಟೆಲಿಫೋನ್ ಆಫೀಸಿನಲ್ಲಿದ್ದೇನೆ. ಅಪ್ಪ ಅದನ್ನು ಓದಿ ಏನೂ ಅನ್ನಲಿಲ್ಲ, ಆದರೆ ಸಾಯುವತನಕ ಕಂಡಕಂಡವರಿಗೆಲ್ಲ ದೊಡ್ಡ ಮಗಳು ಟೆಲಿಫೋನ್ ಆಫೀಸಿನಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗಿದ. ಬರೆದುಕೊಳ್ಳುತ್ತಿದ್ದ ಅವನ ಪೆನ್ಸಿಲು ಆ ವಾಕ್ಯದ ಮೇಲೆ ನಿಂತಿತು. ಅದು ಅವನದೇ ವಾಕ್ಯ.

ಊರಿನವರು ಇನ್ಯಾರಾದರೂ ಅವರನ್ನು ಬಲ್ಲವರಿದ್ದಾರೆಯೇ ಎಂದು ಕೇಳಿದ. ಯಾರೂ ಇಲ್ಲ. ಮನೆಯಲ್ಲಿ ಚಿತ್ರ? ತೆಗೆಸಿಯೇ ಇರಲಿಲ್ಲ.

"ಪೇಪರಿನಲ್ಲಿ ಬಕೆಟ್ ನೋಡಿದಾಗ ಒಂದು ಗಳಿಗೆ ಮನಸ್ಸು ಹಿಂದೆ ಸರೀತು, ಸುಳ್ಳು ಯಾಕೆ ಹೇಳ್ಲಿ," ಅಂದಳು ಅವಳು. "ನಾವೆಲ್ಲ ಆಪರೇಟರ್ ಅಂದ್ಕೊಂಡಿದ್ವಲ್ಲ. ಆಮೇಲೆ, ಅಕ್ಕ ಅಲ್ವಾ, ಬಕೆಟ್ ಹಿಡಿದ್ರೇನು ಅನ್ನಿಸ್ತು. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ನಂಗೆ ಅವಳ ಮುಖ ಮರೆತುಹೋಗಿತ್ತು ಸರ್. ಸ್ವೆಟರ್ ನೆನಪಿತ್ತು, ನಗು ನೆನಪಿತ್ತು, ಮುಖ ಮಾತ್ರ ಎಷ್ಟು ಹುಡುಕಿದ್ರೂ ಸಿಕ್ತಿರ್ಲಿಲ್ಲ. ಇವತ್ತು ಸಿಕ್ತು."

ಒಂದು ಗಳಿಗೆ. ಅವಳಿಗೆ ಬೇಕಾಗಿದ್ದು ಒಂದೇ ಒಂದು ಗಳಿಗೆ. ಅವನು ತಲೆಯೆತ್ತದೆ ಬರೆಯುತ್ತಾ ಹೋದ. ಅಷ್ಟರಲ್ಲಿ ನಿರ್ದೇಶಕಿ ಬಂದಳು. ಕಾಲಂ ಮೇಲಿಂದ ಕಣ್ಣಾಡಿಸಿ, ಮುಖ ಅರಳಿಸಿಕೊಂಡು, ಆ ಹೆಂಗಸಿನ ಪಕ್ಕ ಮೊಣಕಾಲೂರಿ ಕೂತುಬಿಟ್ಟಳು. ಇಪ್ಪತ್ತೆರಡು ವರ್ಷ ಹೆಸರಿಲ್ಲದೆ ನಿಂತಿದ್ದವರಿಗೆ ಹೆಸರು ಸಿಕ್ಕಿತು, ಬರುವ ಭಾನುವಾರಕ್ಕೆ ಹೊಸ ವಿವರಪಟ್ಟಿ ಹಾಕಿಸೋಣ, ನಿಮಗೊಂದು ಪ್ರತಿ ಮಾಡಿಸಿಕೊಡುತ್ತೇವೆ, ದಯವಿಟ್ಟು ಬನ್ನಿ ಅಂದಳು. ಆಮೇಲೆ ಅವನ ಕಡೆ ತಿರುಗಿ, ಎರಡನೆಯ ಸಾಕ್ಷಿಯಿಲ್ಲ ನಿಜ, ಆದರೂ ನಿಮಗೇನನ್ನಿಸುತ್ತೆ ಎಂದು ಕೇಳಿದಳು. ಅವನು ಗೋಡೆಯ ಕಡೆ ನೋಡಿದ. ಸ್ವೆಟರಿನ ತೋಳುಗಳನ್ನು ಮುಂಗೈ ಹತ್ತಿರ ಎರಡೆರಡು ಸುತ್ತು ಮಡಚಲಾಗಿತ್ತು. ಬೇರೆ ಯಾರದೋ ಉದ್ದನೆಯ ಕೈಗೆ ಹೆಣೆದ ತೋಳು. ಆ ಹೆಂಗಸೂ ಅದನ್ನೇ ನೋಡುತ್ತಿದ್ದಳು. ಎಷ್ಟು ಸೊರಗಿದ್ದಾಳೆ ಪಾಪ, ಮನೇಲಿದ್ದಾಗ ಎತ್ತರಕ್ಕೆ ದಷ್ಟಪುಷ್ಟವಾಗಿದ್ದಳು, ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವನು, ಇರಬಹುದು ಮೇಡಂ, ಅಂದ. ಆ ಹೆಂಗಸು ಎದ್ದು ಅವನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು, ನಿಮ್ಮಿಂದ ದೊಡ್ಡ ಉಪಕಾರವಾಯಿತು ಅಂದಳು. ಅವಳ ಕೈ ಬೆಚ್ಚಗಿತ್ತು. ಅವನಿಗೆ ಆ ಬಿಸಿ ಸಂಜೆಯವರೆಗೂ ಕೈಯಿಂದ ಹೋಗಲಿಲ್ಲ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಬೆಳಕಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣು ಮಂಜಾದ ಮೇಲೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿ ಒಳಗೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವನು ಬಟ್ಟೆ ಬದಲಿಸದೆ ಅಮ್ಮನ ಎದುರಿಗೆ ಕೂತು, ಒಂದು ಎಸಳು ತೆಗೆದುಕೊಂಡು, ಸುಲಿಯಲು ಬಾರದೆ ಉಗುರು ಮುರಿದುಕೊಂಡ. ಹೇಗೆ ಶುರು ಮಾಡುವುದು? ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದ. ಚಿತ್ರವೊಂದಿದೆ, ಅದರಲ್ಲಿ ಯಾರೋ ನಿನ್ನ ಹಾಗೇ ಇದ್ದಾರೆ, ಹೀಗೆ ನಯವಾಗಿ. ಅಮ್ಮನ ಬೆರಳುಗಳನ್ನು ನೋಡುತ್ತಾ ಜೋಡಿಸಿದ್ದೆಲ್ಲ ಬಿದ್ದುಹೋಯಿತು. ಹಳೆಯ ಎಕ್ಸ್‌ಚೇಂಜಿನ ಫೋಟೋ ಒಂದಿದೆ ಅಮ್ಮಾ, ನೀನಿದ್ದೀಯ ಅದರಲ್ಲಿ, ಅಂದ.

"ಗೊತ್ತು," ಅಂದಳು ಅಮ್ಮ. "ನೋಡಿದ್ದೀನಿ."

ಯಾವಾಗ? ಅವನು ಕೆಲಸಕ್ಕೆ ಸೇರಿದ ವರ್ಷವೇ, ಒಂದು ದಿನ ಎಲ್ಲರನ್ನೂ ಪುಕ್ಕಟೆ ಒಳಗೆ ಬಿಡುತ್ತಾರೆಂದು ಕೇಳಿ, ಮಗ ಕೆಲಸ ಮಾಡುವ ಜಾಗ ಹೇಗಿದೆ ನೋಡೋಣವೆಂದು ಅವಳೊಬ್ಬಳೇ ಹೋಗಿದ್ದಳು. ಅವನು ಆ ದಿನ ಒಳಗಿನ ಕೋಣೆಯಲ್ಲಿದ್ದ. ಕರೆಯಬಾರದು, ನಾಲ್ಕು ಜನರ ಮುಂದೆ ಅವನಿಗೆ ಇರುಸುಮುರುಸಾದೀತು ಎಂದು ಕರೆಯಲಿಲ್ಲ. ಮೂಲೆಯ ಕಂಬದಲ್ಲಿ ತನ್ನ ಚಿತ್ರ ಕಂಡು ಅವಳಿಗೆ ನಗು ಬಂತು. ಕೆಳಗೆ ಏನು ಬರೆದಿದೆಯೆಂದು ಓದಲು ಬಾರದು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು ಓದಿ ಹೇಳಮ್ಮ ಅಂದಳು. ಆ ಹುಡುಗಿ ಓದಿದಳು. ಅಮ್ಮ ಇದನ್ನೆಲ್ಲ ಬೆಳ್ಳುಳ್ಳಿಯ ಸಿಪ್ಪೆ ಊದುತ್ತಾ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಒಳಗೆ ಕಾಗದ ಮಗುಚುವ ಸದ್ದು ನಿಂತಿತ್ತು. ಅವನು ನೆಲ ನೋಡುತ್ತಾ, ಬೇಜಾರಾಗಲಿಲ್ಲವಾ ಎಂದು ಕೇಳಿದ. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ಆಯ್ತು," ಅಂದಳು ಅಮ್ಮ. "ದಾರಿಯುದ್ದಕ್ಕೂ ಆಯ್ತು. ಮನೆಗೆ ಬಂದು ನಿಂಗೆ ಅಡಿಗೆ ಮಾಡ್ಬೇಕಾಗಿತ್ತು, ಮಾಡ್ದೆ. ನೀನು ಬಂದು ಎರಡು ಸಲ ಬಡಿಸ್ಕೊಂಡು ಉಂಡೆ. ಆಮೇಲೆ ಅಷ್ಟೊಂದು ಅನ್ನಿಸ್ಲಿಲ್ಲ."

ಅವನಿಗೆ ಆ ರಾತ್ರಿಯ ಊಟ ನೆನಪಿಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡ ಸಾವಿರ ರಾತ್ರಿಗಳಲ್ಲಿ ಅದು ಯಾವುದೋ ಒಂದು. ಅತ್ತುಬಿಡಬೇಕೆನಿಸಿತು, ಐವತ್ತು ವರ್ಷದವನು ಬೆಳ್ಳುಳ್ಳಿಯ ಮುಂದೆ ಕೂತು ಅತ್ತರೆ ಹೇಗೆ ಕಂಡೀತೆಂದೂ ಅನ್ನಿಸಿತು. ಕೊನೆಗೆ ಆ ಹೆಂಗಸಿನ ವಿಷಯ ಹೇಳಿದ, ಸ್ವೆಟರಿನ ವಿಷಯ ಹೇಳಿದ. ಎಡತೋಳು ಬೇರೆ ಬಣ್ಣ ಅಂದದ್ದೇ ತಡ ಅಮ್ಮನ ಕೈ ನಿಂತುಹೋಯಿತು. ಉದ್ದಕ್ಕ, ಅಂದಳು. ಎಕ್ಸ್‌ಚೇಂಜಿನಲ್ಲಿ ಅಮ್ಮನ ಜೊತೆ ನೆಲ ಒರೆಸುತ್ತಿದ್ದವಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೇ ಉದ್ದಕ್ಕ. ಚಿತ್ರ ತೆಗೆದ ದಿನ ಚಳಿ ವಿಪರೀತ, ಅಮ್ಮನಿಗೆ ಜ್ವರ ಬೇರೆ. ಉದ್ದಕ್ಕ ತನ್ನ ಸ್ವೆಟರನ್ನೇ ಬಿಚ್ಚಿ ಅಮ್ಮನಿಗೆ ತೊಡಿಸಿ, ತೋಳು ಮಡಚಿ, ನೀನು ಬರೀ ಬಕೆಟ್ ಹಿಡ್ಕೊಂಡು ನಿಂತ್ಕೋ, ಒರೆಸೋದು ನಾನು ಒರೆಸ್ತೀನಿ ಅಂದಿದ್ದಳು. ಅಷ್ಟರಲ್ಲಿ ಫೋಟೋದವನು ಬಂದ. ಉದ್ದಕ್ಕ ಬಾಗಿಲಾಚೆ ಸರಿದು ನಿಂತಳು. ಅವಳ ಸೊಂಟದ ಮೇಲೆ ಐದು ವರ್ಷದ ಅವನು.

"ನೀನು ಅಳ್ತಿದ್ದೆ. ಅವಳು ನಿನ್ನ ನಗಿಸೋಕೆ ಮೂತಿ ಸೊಟ್ಟ ಮಾಡಿದ್ಲು. ಅದನ್ನೇ ನಾನು ನೋಡ್ತಿದ್ದಿದ್ದು."

ಬಾಗಿಲಾಚೆ ಏನನ್ನೋ ನೋಡುತ್ತಿರುವರು. ಆ ಏನನ್ನೋ ತಾನಾಗಿದ್ದೆ ಎಂಬುದು ಅವನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೊಂದು ನೆನಪಿತ್ತು, ಹಿಂದುಮುಂದಿಲ್ಲದ್ದು: ಯಾರೋ ಎತ್ತಿಕೊಂಡಿದ್ದಾರೆ, ಕೈ ಚಾಚಿ ಬಾಗಿಲ ಮೇಲಿನ ಗಡಿಯಾರದ ತಣ್ಣನೆಯ ಗಾಜು ಮುಟ್ಟುತ್ತಿದ್ದಾನೆ, ಕೆಳಗೆ ಫಿನಾಯಿಲಿನ ವಾಸನೆ. ಅದು ಅಮ್ಮ ಎಂದೇ ತಿಳಿದಿದ್ದ. ತನ್ನ ಭುಜದೆತ್ತರದ ಅಮ್ಮನ ಸೊಂಟದ ಮೇಲಿಂದ ಅಷ್ಟೆತ್ತರದ ಗಡಿಯಾರ ಹೇಗೆ ಸಿಕ್ಕೀತೆಂದು ಒಂದು ದಿನವೂ ಯೋಚಿಸಿರಲಿಲ್ಲ. ಉದ್ದಕ್ಕ ಮೂರು ಚಳಿಗಾಲ ಕಳೆದ ಮೇಲೆ ಎದೆ ಕಟ್ಟಿ, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋದಳು. ಅಮ್ಮ ಪಕ್ಕದಲ್ಲಿದ್ದಳು. ಮನೆಯವರಿಗೆ ತಿಳಿಸೋಣವೆಂದರೆ ಊರಿನ ಹೆಸರನ್ನು ಉದ್ದಕ್ಕ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ನಲವತ್ತು ವರ್ಷದಿಂದ ಇದೊಂದು ಮುಳ್ಳು ನನ್ನೊಳಗೆ, ಅಂದಳು ಅಮ್ಮ, ಭಾನುವಾರ ನಾನೂ ಬರ್ತೀನಿ. ಕೇಳಿದ್ದಲ್ಲ, ಹೇಳಿದ್ದು.

ವಾರವಿಡೀ ಅವನು ಆ ಹೆಂಗಸಿಗೆ ಫೋನು ಮಾಡಬೇಕೆಂದುಕೊಂಡ. ನಮೂನೆಯಲ್ಲಿ ನಂಬರಿತ್ತು. ಬುಧವಾರ ಮಾಡಿದ. ಅವಳು ಸಂಭ್ರಮದಿಂದ, ಪ್ರತಿಯಾಯಿತಾ ಸರ್, ಗಾಜು ಹಾಕಿಸಲು ಚೌಕಟ್ಟು ಆರಿಸಿಟ್ಟಿದ್ದೇನೆ ಅಂದಳು. ಅದು ನಿಮ್ಮಕ್ಕ ಅಲ್ಲ ಎನ್ನಲು ಬಾಯಿ ತೆರೆದ. ಭಾನುವಾರ ಹನ್ನೊಂದಕ್ಕೆ ಬನ್ನಿ, ಅಂದ. ಫೋನಿಟ್ಟ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಗುರುವಾರ ನಿರ್ದೇಶಕಿ ಹೊಸ ವಿವರಪಟ್ಟಿಯ ಕರಡು ತಂದು ತೋರಿಸಿದಾಗ, ಒಂದು ವಾರ ತಡೆಯಿರಿ ಮೇಡಂ, ಎರಡನೆಯ ಸಾಕ್ಷಿ ಬರುತ್ತಿದ್ದಾರೆ ಅಂದ. ಯಾರು ಅಂತ ಅವಳು ಕೇಳಿದಳು. ಬರುತ್ತಾರೆ, ಅಂದ. ಹೇಳುವುದಕ್ಕೆ ಆರು ದಿನ ಸಿಕ್ಕಿದವನು ಆರು ದಿನವನ್ನೂ ಹೀಗೆ ಚಿಲ್ಲರೆ ಮಾತುಗಳಲ್ಲಿ ಕಳೆದ.

ಅಮ್ಮ ಮೆಟ್ಟಿಲು ಹತ್ತಿ ಒಳಗೆ ಬಂದವಳು ಮೊದಲು ನೋಡಿದ್ದು ಗೋಡೆಯನ್ನಲ್ಲ, ನೆಲವನ್ನು. ಪರವಾಗಿಲ್ಲ, ಮೂಲೆ ಬಿಡದೆ ಒರೆಸ್ತಾರೆ, ಅಂದಳು. ಕೈಹಿಡಿಯಲು ಹೋದವನ ಕೈ ಸರಿಸಿ ತಾನೇ ನಡೆದಳು. ಆ ಹೆಂಗಸು ಆಗಲೇ ಬಂದು ಗೋಡೆಯ ಬಲತುದಿಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ನಿರ್ದೇಶಕಿ. ಅವನು ಇಬ್ಬರು ಮುದುಕಿಯರನ್ನೂ ಎದುರುಬದುರು ನಿಲ್ಲಿಸಿ ಮಾತು ಹುಡುಕುತ್ತಿರುವಾಗಲೇ ಆ ಹೆಂಗಸು ಅಮ್ಮನ ಮುಖ ನೋಡಿದಳು, ಗೋಡೆ ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು. ವಯಸ್ಸು ಬಹಳಷ್ಟನ್ನು ಕೊಂಡೊಯ್ದಿತ್ತು, ಆದರೆ ಗಲ್ಲದ ಗುಳಿ ಹಾಗೇ ಇತ್ತು, ಹುಬ್ಬಿನ ನಡುವಿನ ಗಾಯದ ಕಲೆ ಹಾಗೇ ಇತ್ತು. ಯಾರೂ ಏನೂ ಹೇಳಬೇಕಾಗಲಿಲ್ಲ. ಒಂದು ವಾರ ಕಾಪಾಡಿಕೊಂಡಿದ್ದ ಮುಖ ಅವಳ ಕೈಯಿಂದ ಜಾರಿಹೋಗುವುದನ್ನು ಅವನು ಕಣ್ಣಾರೆ ಕಂಡ. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು.

"ಇದು ನೀವು," ಅಂದಳು.

"ಹೂಂ ಕಣಮ್ಮ, ನಾನೇ. ಸ್ವೆಟರ್ ಮಾತ್ರ ನಿಮ್ಮಕ್ಕಂದು."

"ಹಾಗಾದ್ರೆ ಅಕ್ಕ ಎಲ್ಲಿ?"

ಅಮ್ಮ ಅವಳ ಮುಂಗೈ ಹಿಡಿದು ಎರಡು ಹೆಜ್ಜೆ ಬಲಕ್ಕೆ ಕರೆದುಕೊಂಡು ಹೋದಳು. ಚಿತ್ರ ಅಲ್ಲಿಗೆ ಮುಗಿದು, ಬರಿಯ ಸುಣ್ಣದ ಗೋಡೆ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಒಂದು ಸ್ವಿಚ್ಚು. ಅಮ್ಮ ಗೋಡೆಯ ಮೇಲೆ ತನ್ನ ತಲೆಗಿಂತ ಒಂದು ಮೊಳ ಮೇಲೆ ಅಂಗೈಯಿಟ್ಟಳು. ಇಲ್ಲಿ, ಅಂದಳು. ಇಲ್ಲಿ ನಿಂತಿದ್ದಳು, ಇಷ್ಟೆತ್ತರ, ಸೊಂಟದ ಮೇಲೆ ಮಗು ಎತ್ತಿಕೊಂಡು, ಎಡಗಾಲಿನ ಮೇಲೆ ಭಾರ ಬಿಟ್ಟುಕೊಂಡು. ಆಮೇಲೆ ಅಮ್ಮ ಒಂದೊಂದಾಗಿ ಹೇಳತೊಡಗಿದಳು, ಆ ಹೆಂಗಸು ಬರಿಯ ಗೋಡೆ ನೋಡುತ್ತಾ ಕೇಳತೊಡಗಿದಳು. ಮುಖ ಕೋಲು, ಮೂಗು ನಿನ್ನದೇ, ಇನ್ನೂ ಸ್ವಲ್ಪ ಚೂಪು. ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ಮುಂದಿನ ಒಂದು ಹಲ್ಲು ಸ್ವಲ್ಪ ಮೇಲೆ ಬಂದಿತ್ತಲ್ಲ, ಅದಕ್ಕೆ. ಹೌದು, ಹಲ್ಲು, ಎಂದು ಆ ಹೆಂಗಸು ಉಸಿರೆಳೆದುಕೊಂಡಳು, ಮರೆತೇಹೋಗಿತ್ತು. ಸಂಜೆ ಕರೆಗಳು ಕಡಿಮೆಯಾದಾಗ ಕರುಣೆಯಿದ್ದ ಒಬ್ಬ ಆಪರೇಟರು ಉದ್ದಕ್ಕನಿಗೆ ಹೆಡ್‌ಫೋನ್ ಕೊಡುತ್ತಿದ್ದಳಂತೆ. ಉದ್ದಕ್ಕ ಯಾವುದೋ ಊರಿನ ಒಂದು ದಿನಸಿ ಅಂಗಡಿಗೆ ಜೋಡಿಸಿಕೊಂಡು, ಅಂಗಡಿಯವನು ಹಲೋ ಹಲೋ ಎಂದು ಬೈದು ಇಡುವತನಕ ಸುಮ್ಮನೆ ಕೇಳುತ್ತಿದ್ದಳು. ಯಾವ ಊರೆಂದರೆ ಹೇಳುತ್ತಿರಲಿಲ್ಲ. ಹಿಂದೆ ಬೀದಿಯ ಸದ್ದೆಲ್ಲ ಕೇಳುತ್ತೆ ಕಣೇ, ಅನ್ನುತ್ತಿದ್ದಳು.

"ನಮ್ಮ ಬೀದಿ ಮೂಲೆ ಅಂಗಡಿ," ಅಂದಳು ಆ ಹೆಂಗಸು. "ಯಾರೋ ಫೋನ್ ಮಾಡ್ತಾರೆ, ಮಾತಾಡಲ್ಲ ಅಂತ ಅವನು ದಿನಾ ಗೊಣಗ್ತಿದ್ದ. ನಾವು ಬಾಗಿಲಲ್ಲೇ ಆಡ್ತಿದ್ವಿ." ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು. "ಕಿರುಚಾಡ್ಕೊಂಡು ಆಡ್ತಿದ್ವಿ. ಕೇಳಿಸಿರುತ್ತೆ ಅಲ್ವಾ?"

ಕೇಳಿಸದೆ ಏನು, ಅಂದಳು ಅಮ್ಮ. ಆಸ್ಪತ್ರೆಯ ಆ ಹನ್ನೆರಡು ದಿನಗಳನ್ನೂ ಕೊನೆಗೆ ಹೇಳಿದಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು, ಗದ್ದಲವಿಲ್ಲದೆ, ತಮ್ಮ ತಮ್ಮ ಕರವಸ್ತ್ರದಲ್ಲಿ. ನಿರ್ದೇಶಕಿ ದೂರ ಸರಿದು ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ ಬಂದಳು. ಬಂದವಳು ಅವನನ್ನು ದಿಟ್ಟಿಸಿ ನೋಡಿ, ಮೆಲ್ಲಗೆ, ಇವರು ನಿಮ್ಮ ತಾಯಿಯವರಾ ಎಂದು ಕೇಳಿದಳು. ಅವನು ತಲೆಯಾಡಿಸಿದ. ಆ ಹೆಂಗಸೂ ತಿರುಗಿದಳು. ಹೋದ ವಾರ ನಿಮಗೆ ಗೊತ್ತಿರಲಿಲ್ಲವಾ ಎಂದು ಅವಳು ಕೇಳಿದ್ದು ಆರೋಪದ ದನಿಯಲ್ಲಲ್ಲ, ನಿಜವಾಗಿ ತಿಳಿಯದವಳ ದನಿಯಲ್ಲಿ. ಅವನು ಬಾಯಿ ತೆರೆಯುವ ಮೊದಲೇ ಅಮ್ಮ ನಡುವೆ ಬಂದಳು. ಅವನಿಗೇನು ಗೊತ್ತಮ್ಮ, ಆಗಿನ್ನೂ ಮಗು, ಆಮೇಲೆ ಫೋಟೋದಲ್ಲೂ ಎಷ್ಟು ಸಣ್ಣಗೆ ಕಾಣ್ತಿದ್ದೆ ನಾನು, ಯಾರಿಗೆ ಗುರುತು ಸಿಗುತ್ತೆ. ಎಷ್ಟು ಸಲೀಸಾಗಿ ಅಂದಳು. ಇಪ್ಪತ್ತೆರಡು ವರ್ಷದಿಂದ ಈ ಉತ್ತರವನ್ನು ಅವನಿಗಾಗಿ ತಯಾರು ಮಾಡಿಟ್ಟುಕೊಂಡವಳ ಹಾಗೆ. ಅದರೊಳಗೆ ನುಗ್ಗಿ ನಿಂತುಬಿಡಬಹುದಿತ್ತು. ಬೆಚ್ಚಗಿರುತ್ತಿತ್ತು.

"ಗೊತ್ತಿತ್ತು," ಅಂದ ಅವನು. "ಬರೆದ ದಿನಾನೂ ಗೊತ್ತಿತ್ತು, ಹೋದ ವಾರಾನೂ ಗೊತ್ತಿತ್ತು. ನೆಲ ಒರೆಸೋಳ ಮಗ ಅನ್ನಿಸ್ಕೊಳ್ಳೋಕೆ ನಾಚಿಕೆಯಾಗಿ ಬರೀಲಿಲ್ಲ."

ಆಕಾಶವೇನೂ ಕಳಚಿ ಬೀಳಲಿಲ್ಲ. ನಿರ್ದೇಶಕಿ ಕಣ್ಣು ತಗ್ಗಿಸಿ ತನ್ನ ಕೈಯಲ್ಲಿದ್ದ ಕರಡನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು. ಅಮ್ಮ ಅವನ ಕಡೆ ನೋಡದೆ, ಬಿಡು ಈಗ, ಅಂದಳು. ಆದರೆ ಅವಳ ಗಲ್ಲದ ಗುಳಿ ಒಮ್ಮೆ ಅದುರಿದ್ದು ಅವನಿಗೆ ಕಂಡಿತು. ಎದೆಯ ಮೇಲಿನ ಗುರುತುಚೀಟಿ, ಹೊಟ್ಟೆಯ ಮೇಲೆ ಬಿಗಿದ ಅಂಗಿ, ಇಷ್ಟನ್ನೂ ಹೊತ್ತುಕೊಂಡು ಅವನು ಮೂವರು ಹೆಂಗಸರ ನಡುವೆ ನಿಂತಿದ್ದ. ಆ ಹೆಂಗಸು ಮಾತ್ರ ಇದ್ಯಾವುದನ್ನೂ ಸರಿಯಾಗಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಮನಸ್ಸು ಇನ್ನೆಲ್ಲೋ ನಿಂತಿತ್ತು. ಅವನನ್ನೇ ನೋಡುತ್ತಿದ್ದವಳು ಅಮ್ಮನನ್ನು ಕೇಳಿದಳು, ಅಕ್ಕ ಎತ್ತಿಕೊಂಡಿದ್ದ ಮಗು ಅಂದಿರಲ್ಲ, ಅದು ಇವರೇನಾ? ಇವನೇ, ಅಂದಳು ಅಮ್ಮ. ಮೂರು ವರ್ಷ ಇವನನ್ನು ನೆಲಕ್ಕೆ ಬಿಡಲಿಲ್ಲ ಅವಳು. ಕೂತರೆ ತೊಡೆ, ನಿಂತರೆ ಸೊಂಟ. ನನ್ನ ತಂಗಿ ಹೀಗೇ ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದಳು ಎಂದು ಹೇಳಿಕೊಂಡು ಎತ್ತುತ್ತಿದ್ದಳು.

ಆ ಹೆಂಗಸು ಚೀಲವನ್ನೂ ಛತ್ರಿಯನ್ನೂ ಗೋಡೆಯ ಬುಡಕ್ಕೆ ಇಟ್ಟಳು.

"ಬಾಪ್ಪಾ ಇಲ್ಲಿ," ಅಂದಳು.

ಅವನು ಹೋದ. ಅವಳು ಕೈಯೆತ್ತಿ ಅವನ ಭುಜ ಮುಟ್ಟಿದಳು. ಅಲ್ಲಿಂದ ತೋಳಿನುದ್ದಕ್ಕೂ ನಿಧಾನವಾಗಿ ಮೊಣಕೈವರೆಗೆ ಸವರಿದಳು, ಮತ್ತೆ ಮೇಲೆ ಹೋಗಿ ಕೆನ್ನೆಯ ಮೇಲೆ, ಕಿವಿಯ ಮೇಲೆ, ನರೆತ ಕೂದಲ ಮೇಲೆ ಕೈಯಾಡಿಸಿದಳು, ಅಕ್ಕನ ಕೈ ಎಲ್ಲೆಲ್ಲಿ ತಾಗಿದ್ದಿರಬಹುದೋ ಅಲ್ಲೆಲ್ಲ. ಪಕ್ಕದ ಕೋಣೆಯಿಂದ ಮಕ್ಕಳು ಇಣುಕಿ ನೋಡುತ್ತಿದ್ದರು. ಅವನು ಕದಲಲಿಲ್ಲ. ಅವಳಿಗೆ ಎಟುಕಲೆಂದು ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಅವಳು ಸಾಕು ಅನ್ನುವವರೆಗೂ ಹಾಗೇ ನಿಂತಿದ್ದ.